ಕ್ಲಿಪ್ಪಿಗೆ ಕಟ್ಟಿದ ದಾರ

ನನ್ನ ಗಂಡನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಹದಿನೈದು ನಿಮಿಷ ಬೇಕಾಗುತ್ತಿತ್ತು. ಆ ಹದಿನೈದು ನಿಮಿಷವೂ ನಾನು ಬೀಗದ ಕೈ ಹುಡುಕುತ್ತಿದ್ದೆ. ಬೀಗದ ಕೈ ಬಾಗಿಲ ಹಿಂದಿನ ಮೊಳೆಯಲ್ಲೇ ಇರುತ್ತಿತ್ತು. ನಾನು ಮಾತ್ರ ಅಡುಗೆಮನೆಯ ಕಟ್ಟೆ, ದಿಂಬಿನ ಕೆಳಗೆ, ಚೀಲದ ಒಳಗೆ ಎಲ್ಲ ಕಡೆ ತಡಕಾಡಿ, ನನ್ನನ್ನೇ ಬೈದುಕೊಂಡು, ಅವರು ಕನ್ನಡಿಯ ಮುಂದಿನಿಂದ ಈಚೆ ಬರುವ ಹೊತ್ತಿಗೆ ಸರಿಯಾಗಿ "ಸಿಕ್ತು ನೋಡಿ" ಎನ್ನುತ್ತಿದ್ದೆ.

"ನಿನ್ನ ಮರೆವು ದಿನೇ ದಿನೇ ಜಾಸ್ತಿ ಆಗ್ತಿದೆ ಕಣೆ" ಎಂದು ಅವರು ನಗುತ್ತಿದ್ದರು. ಐದೂ ಗುಂಡಿ ತಮ್ಮ ತಮ್ಮ ಕಾಜದಲ್ಲಿ ಕೂತ ದಿನ ಆ ನಗು ಸ್ವಲ್ಪ ದೊಡ್ಡದಿರುತ್ತಿತ್ತು.

ನೋಡುವುದಕ್ಕೆ ಅವರ ಕೈಗೆ ಏನೂ ಆಗಿರಲಿಲ್ಲ. ಬೆರಳುಗಳು ಮಡಚುತ್ತಿದ್ದವು, ಹಿಡಿಯುತ್ತಿದ್ದವು. ಹಿಡಿದದ್ದು ಏನು, ಎಷ್ಟು ಬಿಗಿಯಾಗಿ ಎನ್ನುವುದು ಮಾತ್ರ ಅವಕ್ಕೆ ತಿಳಿಯುತ್ತಿರಲಿಲ್ಲ. ಕಣ್ಣಿನಿಂದ ನೋಡಿ ತಿಳಿದುಕೊಳ್ಳಬೇಕಿತ್ತು. ಕನ್ನಡಿ ಅದಕ್ಕೇ.

ನಾಲ್ಕೂವರೆ ವರ್ಷದ ಹಿಂದೆ ಅವರು ಸಮುದ್ರದಾಳಕ್ಕೆ ಇಳಿಯುವುದನ್ನು ಕಲಿಸುವ ಗುರುವಾಗಿದ್ದರು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಇಳಿಯುವ ಕೆಲಸ. ಒಂದು ದಿನ, ಅವರು ಬೆಳಗ್ಗೆಯಿಂದ ಮೂರನೆಯ ಸಲ ಇಳಿದಿದ್ದಾಗ, ಶಿಷ್ಯೆಯೊಬ್ಬಳು ಮೂವತ್ತು ಮೀಟರ್ ಕೆಳಗೆ ಹೆದರಿ, ಉಸಿರಾಡುವ ನಳಿಗೆಯನ್ನು ಬಾಯಿಂದ ಉಗಿದುಬಿಟ್ಟಳು. ಇವರು ಅವಳನ್ನು ಅವುಚಿಕೊಂಡು ಮೇಲೆ ಬಂದರು. ನಿಧಾನವಾಗಿ, ತಡೆದು ತಡೆದು ಬರಬೇಕಾದ ದಾರಿಯನ್ನು ಒಂದೇ ಉಸಿರಿಗೆ ಬಂದರು. ಅವಳು ಆಗತಾನೆ ಇಳಿದವಳು, ಅವಳಿಗೆ ಏನೂ ಆಗಲಿಲ್ಲ. ಇವರ ರಕ್ತದಲ್ಲಿ ಗುಳ್ಳೆ ಎದ್ದು ಬೆನ್ನುಹುರಿಗೆ ಸೇರಿತು. ಕಾಲಿನ ಶಕ್ತಿ ಆರು ತಿಂಗಳಲ್ಲಿ ಮರಳಿ ಬಂತು. ಬೆರಳಿನ ಸ್ಪರ್ಶ ಬರಲಿಲ್ಲ.

ಇವರು ಕೆಲಸ ಮಾಡುತ್ತಿದ್ದ ಡೈವಿಂಗ್ ಅಂಗಡಿಯಲ್ಲೇ ಆ ಶಿಷ್ಯೆ ಈಗ ಮುಖ್ಯ ಡೈವರ್. ಎತ್ತರದಲ್ಲಿ ನನಗಿಂತ ಒಂದು ಗೇಣು ಹೆಚ್ಚಿದ್ದರೂ ಎಲ್ಲರೂ ಅವಳನ್ನು ಪುಟಾಣಿ ಎಂದೇ ಕರೆಯುತ್ತಾರೆ. ಇವರಿಗೆ ಅಣ್ಣ ಎನ್ನುತ್ತಾಳೆ, ನನಗೆ ಅತ್ತಿಗೆ.

ಅಂಗಡಿಯ ಮಾಲೀಕರು ಒಳ್ಳೆಯವರು. ಇವರನ್ನು ಮನೆಗೆ ಕಳಿಸಲಿಲ್ಲ. ಹಿಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಒಂದು ಬೆಂಚು ಕೊಟ್ಟು, ಪೈಪು ಮತ್ತು ಗೇಜುಗಳಿಗೆ ಕ್ಲಿಪ್ಪು ಕಟ್ಟುವ ಕೆಲಸ ವಹಿಸಿದರು. ಅದೇ ಕೋಣೆಯ ಇನ್ನೊಂದು ತುದಿಯಲ್ಲಿ, ಸಿಮೆಂಟಿನ ತೊಟ್ಟಿಯಲ್ಲಿ, ರಬ್ಬರಿನ ಉಡುಪುಗಳನ್ನು ಸಿಹಿನೀರಿನಲ್ಲಿ ತೊಳೆದು ನೇತುಹಾಕುವ ಕೆಲಸ ನನಗೆ ಸಿಕ್ಕಿತು.

ಕ್ಲಿಪ್ಪು ಎಂದರೆ ಬೆರಳುದ್ದದ ಉಕ್ಕಿನ ಕೊಕ್ಕೆ. ಒಂದು ತುದಿಗೆ ಬಳೆ, ಇನ್ನೊಂದು ತುದಿಗೆ ಸ್ಪ್ರಿಂಗಿನ ನಾಲಿಗೆ. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ತೋರಿಸುವ ಗೇಜನ್ನು ಅದರಿಂದಲೇ ಸೊಂಟದ ಪಟ್ಟಿಯ ಬಳೆಗೆ ಸಿಕ್ಕಿಸಿಕೊಳ್ಳುವುದು. ಗೇಜು ಹಾಗೇ ಜೋತಾಡುತ್ತಿದ್ದರೆ ಅದು ಎಲ್ಲಿಯಾದರೂ ತೊಡರುತ್ತದೆ. ಮುಳುಗಿದ ಹಡಗಿನ ಒಳಗೆ, ತುಕ್ಕು ಹಿಡಿದ ಕಂಬಿಗಳ ನಡುವೆ, ಕೈಗೆ ಕೈ ಕಾಣದ ಕೆಸರಿನಲ್ಲಿ ತೊಡರಿದರೆ, ಮುಂದಿನದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

"ಲೋಹಕ್ಕೆ ಲೋಹ ಕಟ್ಟಬಾರದು. ನಡುವೆ ದಾರ ಇರಬೇಕು" ಎಂದು ಇವರು ಎಲ್ಲ ಶಿಷ್ಯರಿಗೂ ಮೊದಲ ದಿನ ಹೇಳುತ್ತಿದ್ದರು. "ಸ್ಪ್ರಿಂಗು ಕಚ್ಚಿಕೊಂಡ್ರೆ ಚಾಕು ಹಾಕಿ ಕತ್ತರಿಸಿ ಬರೋಕಾಗಬೇಕು. ಆದ್ರೆ ನೀವು ಕತ್ತರಿಸೋ ತನಕ ಅದು ಅಲ್ಲಾಡಬಾರದು."

ದಾರವನ್ನು ಬಳೆಯೊಳಗಿಂದ ಪೈಪಿನ ಸುತ್ತ ನಾಲ್ಕು ಸುತ್ತು ತಂದು, ನಡುವೆ ಅಡ್ಡಲಾಗಿ ಮೂರು ಸುತ್ತು ಹಾಕಿ, ಎಳೆದು, ಜೋಡಿಗಂಟು ಹಾಕಿ, ತುದಿಯನ್ನು ಲೈಟರಿನ ಉರಿಗೆ ಹಿಡಿದು ಕರಗಿಸಿ ಒತ್ತಬೇಕು. ಇವರು ಕಟ್ಟಿದ್ದು ನೋಡಲು ಚಿತ್ರದ ಹಾಗಿರುತ್ತಿತ್ತು. ಸುತ್ತಿನ ಪಕ್ಕ ಸುತ್ತು, ಒಂದು ಕೂದಲೆಳೆ ಆಚೀಚೆ ಇಲ್ಲ. ತುದಿ ಕರಗಿಸುವಾಗ ಮಾತ್ರ ಕೆಲವೊಮ್ಮೆ ಚರ್ಮ ಸುಟ್ಟ ವಾಸನೆ ಬರುತ್ತಿತ್ತು. ಅದು ಯಾವಾಗಲೂ ನನಗೇ ಮೊದಲು ಗೊತ್ತಾಗುತ್ತಿತ್ತು.

"ರೀ, ಬೆರಳು" ಎನ್ನುತ್ತಿದ್ದೆ ತೊಟ್ಟಿಯ ಕಡೆಯಿಂದ.

ಅವರು ಬೆರಳನ್ನು ಬೇರೆ ಯಾರದೋ ಎನ್ನುವ ಹಾಗೆ ಎತ್ತಿ ನೋಡಿ, ಊದಿ, ಮತ್ತೆ ಕೆಲಸಕ್ಕೆ ಬಾಗುತ್ತಿದ್ದರು.

ಬೆಂಚಿಗೆ ಕೂತ ಎರಡನೆಯ ವಾರದಲ್ಲೇ ನಾನು ಒಂದು ಕ್ಲಿಪ್ಪನ್ನು ಎತ್ತಿಡುವಾಗ ಸುಮ್ಮನೆ ತಿರುಗಿಸಿ ನೋಡಿದ್ದೆ. ಅದು ಕೈಯಲ್ಲಿ ತಿರುಗಿತು. ದೊಡ್ಡ ಅಳತೆಯ ಬಳೆ ಸಣ್ಣ ಕೈಯಲ್ಲಿ ತಿರುಗುವ ಹಾಗೆ. ಇನ್ನೊಂದನ್ನು ನೋಡಿದೆ. ಅದೂ ತಿರುಗಿತು. ಚಿತ್ರದ ಹಾಗಿದ್ದ ಒಂದು ಗಂಟಿನಲ್ಲೂ ಬಿಗಿ ಇರಲಿಲ್ಲ.

ಹೇಳಬಹುದಿತ್ತು. ಆ ದಿನವೇ ಹೇಳಿದ್ದರೆ ಆಗುತ್ತಿತ್ತೇನೋ. ಆದರೆ ಆ ದಿನ ಬೆಳಗ್ಗೆ ಅವರು ಆರು ತಿಂಗಳ ನಂತರ ಮೊದಲ ಸಲ ತಲೆ ಬಾಚಿಕೊಂಡು, ಊಟದ ಡಬ್ಬಿಯನ್ನು ತಾವೇ ಹಿಡಿದುಕೊಂಡು ನನಗಿಂತ ಎರಡು ಹೆಜ್ಜೆ ಮುಂದೆ ನಡೆದಿದ್ದರು.

ಮಧ್ಯಾಹ್ನ ಮೂರಕ್ಕೆ ಅವರು ವೈದ್ಯರು ಹೇಳಿದ್ದಾರೆಂದು ದೋಣಿ ನಿಲ್ಲುವ ಧಕ್ಕೆಯ ಉದ್ದಕ್ಕೂ ಒಂದು ಗಂಟೆ ನಡೆಯುತ್ತಿದ್ದರು. ಆ ಒಂದು ಗಂಟೆಯಲ್ಲಿ ನಾನು ಅವರು ಕಟ್ಟಿದ್ದನ್ನೆಲ್ಲ ಕತ್ತರಿಸಿ ಮತ್ತೆ ಕಟ್ಟುತ್ತಿದ್ದೆ. ಕಟ್ಟುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವರು ಸಂಜೆ ಹೊತ್ತು ಮಂಚದ ಕಾಲಿಗೆ ಪೈಪು ಸಿಕ್ಕಿಸಿ ಕಟ್ಟುತ್ತಿದ್ದುದನ್ನು ನೋಡಿ ಬಂದಿತ್ತು. ಕತ್ತರಿಸಿದ ದಾರದ ಚೂರುಗಳನ್ನು ಅಲ್ಲಿಯ ಬುಟ್ಟಿಗೆ ಹಾಕುವಂತಿರಲಿಲ್ಲ. ಖಾಲಿ ಊಟದ ಡಬ್ಬಿಗೆ ತುಂಬಿಕೊಂಡು ಬಂದು ಬೀದಿಯ ಕೊನೆಯ ಕಸದ ತೊಟ್ಟಿಗೆ ಸುರಿಯುತ್ತಿದ್ದೆ.

ಪಕ್ಕದ ಮನೆಯಾಕೆ ಒಮ್ಮೆ ನೋಡಿ, "ಏನ್ರೀ, ದಿನಾ ನೂಡಲ್ಸ್ ಉಳಿಸ್ಕೊಂಡು ಬರ್ತೀರಿ? ಯಜಮಾನರಿಗೆ ಸೇರಲ್ವಾ?" ಎಂದಳು.

"ಸೇರಲ್ಲ" ಎಂದೆ.

"ಮತ್ತೆ ಯಾಕ್ರೀ ಅದನ್ನೇ ಮಾಡ್ತೀರಿ?"

ನಾನು ಡಬ್ಬಿಗೆ ಮುಚ್ಚಳ ಒತ್ತಿ ಮನೆ ಕಡೆ ನಡೆದೆ.

ನಾಲ್ಕು ವರ್ಷ ಹೀಗೇ ಸಾಗಿತು. ಮಾಲೀಕರು ಆಗಾಗ ಬಾಗಿಲಲ್ಲಿ ನಿಂತು, "ಮೂರು ತಿಂಗಳಿಗೆ ಅಂತ ತರಿಸಿದ ಉಂಡೆ ಒಂದೇ ತಿಂಗಳಿಗೆ ಖಾಲಿ. ದಾರ ಕಟ್ತೀರೋ ತಿಂತೀರೋ?" ಎಂದು ತಮಾಷೆ ಮಾಡುತ್ತಿದ್ದರು. ಇವರು ನಗುತ್ತಿದ್ದರು. ನಾನು ತೊಟ್ಟಿಯೊಳಗೆ ಮುಖ ಹಾಕಿ ಉಡುಪು ಹಿಂಡುತ್ತಿದ್ದೆ.

ಆ ದಿನ ಬೆಳಗ್ಗೆ ಪುಟಾಣಿಯ ಗೇಜಿನ ಪೈಪು ಬಿರುಕು ಬಿಟ್ಟಿತ್ತು. ಹೊಸ ಪೈಪು ಹಾಕಿ, ಕ್ಲಿಪ್ಪು ಕಟ್ಟಿಕೊಡಬೇಕು, ದೋಣಿ ಇನ್ನು ಕಾಲು ಗಂಟೆಯಲ್ಲಿ ಹೊರಡುತ್ತದೆ ಎಂದು ಅವಳು ಓಡಿ ಬಂದಳು. ಇವರು ಕನ್ನಡಕ ಏರಿಸಿ, ಬೆಳಕಿಗೆ ತಿರುಗಿ ಕೂತು ಕಟ್ಟಿದರು. ಅವಳು ಪಕ್ಕದಲ್ಲೇ ನಿಂತು ಕಾಯುತ್ತಿದ್ದಳು. ನಾನು ಒದ್ದೆ ಕೈಯಲ್ಲಿ ಹತ್ತಿರ ಹೋದೆ.

"ಇವತ್ತು ಎಲ್ಲಿಗೆ?" ಎಂದೆ.

"ಮುಳುಗಿದ ಹಡಗಿಗೆ ಅತ್ತಿಗೆ. ಒಳಗೆ ಇಂಜಿನ್ ಕೋಣೆ ತನಕ ಹೋಗಬೇಕು. ಇಬ್ಬರು ಬಂದಿದಾರೆ, ಫೋಟೋ ತೆಗೀತಾರಂತೆ."

ಇವರು ತುದಿ ಕರಗಿಸಿ, ಒತ್ತಿ, ಅವಳ ಕೈಗಿಟ್ಟರು. "ನೋಡು ಹೇಗಿದೆ."

"ನೋಡೋದೇನು, ಅಣ್ಣ ಕಟ್ಟಿದ್ದು ಅಂದ್ಮೇಲೆ ಮುಗೀತು. ನಂಗೆ ಬೇರೆ ಯಾರು ಕಟ್ಟಿದ್ದೂ ಬೇಡ" ಎಂದಳು ಅವಳು. ಇವರ ಮುಖ ಅರಳಿತು.

"ಇಲ್ಲಿ ಕೊಡು ಪುಟಾಣಿ, ಒಂದ್ಸಲ ತೊಳೆದು ಕೊಡ್ತೀನಿ" ಎಂದೆ. ತೊಟ್ಟಿಯ ಹತ್ತಿರ ತಿರುಗಿ ನಿಂತು ಎರಡು ನಿಮಿಷದಲ್ಲಿ ಕಟ್ಟಿಬಿಡಬಹುದು ಎಂದು ನನ್ನ ಲೆಕ್ಕ.

"ಸಮುದ್ರಕ್ಕೆ ಹೋಗೋದನ್ನ ತೊಳೆಯೋದು ಯಾಕೆ ಅತ್ತಿಗೆ? ಅಣ್ಣ, ಇವರಿಗೆ ತೊಳೆಯೋ ಹುಚ್ಚು ಹಿಡಿದಿದೆ. ನಾಳೆ ಮೀನನ್ನೂ ಹಿಡಿದು ತೊಳೀತಾರೆ, ನೋಡ್ತಿರಿ."

ಇಬ್ಬರೂ ನಕ್ಕರು. ಅವಳು ಪೈಪನ್ನು ಕುತ್ತಿಗೆಗೆ ಸುತ್ತಿಕೊಂಡು ಹೊರಟೇಹೋದಳು. ದೋಣಿಯ ಇಂಜಿನ್ನು ಕೆಮ್ಮಿ ಶುರುವಾದದ್ದು ಕಿಟಕಿಯಿಂದ ಕೇಳಿಸಿತು.

ನಾನು ಮತ್ತೆ ತೊಟ್ಟಿಗೆ ಬಂದೆ. ಒಂದು ಉಡುಪನ್ನು ತೊಳೆದೆ, ಅದನ್ನೇ ಮತ್ತೆ ತೊಳೆದೆ. ಹಡಗಿನ ಜಾಗಕ್ಕೆ ಅರ್ಧ ಗಂಟೆಯ ದಾರಿ. ಇಳಿಯುವ ಮೊದಲು ಅವಳು ಕ್ಲಿಪ್ಪು ತಿರುಗಿಸಿ ನೋಡುತ್ತಾಳೆಯೇ? ಅಣ್ಣ ಕಟ್ಟಿದ್ದು ಎಂದ ಮೇಲೆ ಯಾಕೆ ನೋಡುತ್ತಾಳೆ. ಗೋಡೆಯ ಗಡಿಯಾರದಲ್ಲಿ ಹತ್ತು ನಿಮಿಷ ಕಳೆದಿತ್ತು. ಇವರು ಬೆಂಚಿನಲ್ಲಿ ಏನೋ ಗುನುಗುತ್ತಿದ್ದರು. ಅವರ ಕತ್ತಿನ ಹಿಂಭಾಗ, ಕೂದಲು ಕತ್ತರಿಸಿದ ಗೆರೆ, ಕಾಲರಿನ ಮಡಿಕೆ. ಅವಳನ್ನು ಉಳಿಸಲು ಹೋಗಿ ಈ ಮನುಷ್ಯ ಕೈ ಕಳೆದುಕೊಂಡ. ಈಗ ಅದೇ ಕೈಯಿಂದ ಅವಳು ಹೋದರೆ? ಹೇಳಿದರೆ ಈ ಬೆಂಚು ಹೋಗುತ್ತದೆ. ಬೆಂಚು ಹೋದರೆ ತಲೆ ಬಾಚಿಕೊಳ್ಳುವುದೂ ಹೋಗುತ್ತದೆ, ಅದು ನನಗೆ ಗೊತ್ತು, ಆ ಆರು ತಿಂಗಳು ನಾನು ನೋಡಿದ್ದೇನೆ. ನನ್ನ ಎರಡು ಕೈಯಲ್ಲಿ ಎರಡು ಕೊಡ ಇಟ್ಟು ಒಂದನ್ನು ಕೆಳಗೆ ಹಾಕು ಎಂದ ಹಾಗಿತ್ತು.

ದೋಣಿ ಹೊರಟು ಮೂವತ್ತೈದು ನಿಮಿಷವಾದಾಗ ಸೆರಗಿಗೆ ಕೈ ಒರೆಸಿಕೊಂಡು ಮಾಲೀಕರ ಕೋಣೆಗೆ ಹೋದೆ. ಅವರು ಟೀ ಕುಡಿಯುತ್ತಾ ಕಾಗದ ನೋಡುತ್ತಿದ್ದರು. ವೈರ್‌ಲೆಸ್ಸು ಪಕ್ಕದಲ್ಲೇ ಸಣ್ಣಗೆ ಕರಕರ ಎನ್ನುತ್ತಿತ್ತು.

"ದೋಣಿಗೆ ಹೇಳಿ. ಪುಟಾಣಿಯ ಗೇಜಿನ ಕ್ಲಿಪ್ಪು ಸಡಿಲ ಇದೆ. ಇಳಿಯೋಕೆ ಮುಂಚೆ ಇನ್ನೊಂದ್ಸಲ ಕಟ್ಕೊಳ್ಳೋಕೆ ಹೇಳಿ."

ಅವರು ಲೋಟ ಕೆಳಗಿಟ್ಟು ನನ್ನನ್ನು ನೋಡಿದರು. "ಯಾರು ಕಟ್ಟಿದ್ದು?"

"ನಾನು" ಎಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಒಂದೇ ಸುಳ್ಳು ಅದು. "ಅವರು ಆಚೆ ಹೋಗಿದ್ರು. ಅವಸರ ಅಂದಳು, ನಾನೇ ಕಟ್ಟಿಬಿಟ್ಟೆ. ನನ್ನ ತಪ್ಪು."

ಅವರು ಇನ್ನೂ ಏನೋ ಕೇಳುವವರಿದ್ದರು. ನನ್ನ ಮುಖ ನೋಡಿ ಬಿಟ್ಟರು. ವೈರ್‌ಲೆಸ್ಸು ಹಿಡಿದು ದೋಣಿಯನ್ನು ಕರೆದರು. ಉತ್ತರವಿಲ್ಲ. ಮತ್ತೆ ಕರೆದರು. ಆ ಕರಕರ ಸದ್ದಿನಲ್ಲಿ ನಾನು ಮೇಜಿನ ಅಂಚು ಹಿಡಿದು ನಿಂತಿದ್ದೆ. ಮೂರನೆಯ ಸಲಕ್ಕೆ ಚುಕ್ಕಾಣಿಯವನು ಸಿಕ್ಕಿದ. ಬಾಯಲ್ಲಿ ಏನೋ ಅಗಿಯುತ್ತಿದ್ದ.

"ಇಳಿದಾಯ್ತು ಸಾರ್. ಐದು ನಿಮಿಷ ಆಯ್ತು. ಯಾಕೆ?"



"ಪುಟಾಣಿ ಗೇಜಿನ ಕ್ಲಿಪ್ಪು ಸಡಿಲ ಇದೆಯಂತೆ" ಎಂದರು ಮಾಲೀಕರು. "ಮೇಲೆ ಬಾ ಅಂತ ಹೇಗಾದ್ರೂ ಸೂಚನೆ ಕೊಡೋಕಾಗುತ್ತಾ?"

ಆ ಕಡೆಯಿಂದ ನಗು ಕೇಳಿಸಿತು. ಜೋರು ನಗುವೇ.

"ಅಯ್ಯೋ, ಅದಾ? ಅಣ್ಣ ಕಟ್ಟಿದ್ದು ತಾನೇ? ಅದನ್ನ ಯಾರು ಸಾರ್ ಹಾಗೇ ಹಾಕ್ಕೊಂಡು ಇಳೀತಾರೆ? ದೋಣಿ ಹತ್ತಿದ ತಕ್ಷಣ ಕತ್ತರಿಸಿ ತಾನೇ ಕಟ್ಕೊಂಡಳು. ಎಲ್ಲರೂ ದಿನಾ ಮಾಡೋದು ಅದೇ ಅಲ್ವಾ? ಚೂರು ಅಣ್ಣನ ಕಣ್ಣಿಗೆ ಬೀಳಬಾರದು ಅಂತ ಇಲ್ಲೊಂದು ಡಬ್ಬ ಬೇರೆ ಇಟ್ಟಿದೀವಿ. ಪಾಪ, ಅವರಿಗೆ ಏನು ಗೊತ್ತಾಗ್ಬೇಕು."

ಎದೆಯ ಮೇಲಿನ ಕಲ್ಲು ಇಳಿಯಿತು. ಅದು ಇಳಿದ ಸುಖ ಒಂದು ಕ್ಷಣವಾದರೂ ಇತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಮಾಲೀಕರು ನನ್ನ ಭುಜದ ಮೇಲಿಂದ ಬಾಗಿಲ ಕಡೆ ನೋಡುತ್ತಿರುವುದು ಕಾಣಿಸಿತು.

ಇವರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ದಾರದ ಖಾಲಿ ಉರುಳೆ.

ವೈರ್‌ಲೆಸ್ಸಿನಲ್ಲಿ ಚುಕ್ಕಾಣಿಯವನು "ಹಲೋ, ಹಲೋ" ಎನ್ನುತ್ತಿದ್ದ. ಮಾಲೀಕರು ಅದನ್ನು ಆರಿಸಿದರು.

"ದಾರ ಮುಗಿದಿದೆ" ಎಂದರು ಇವರು. "ಹೊಸ ಉಂಡೆ ತರಿಸಬೇಕು."

"ತರಿಸೋಣ" ಎಂದರು ಮಾಲೀಕರು.

ಇವರು ಉರುಳೆಯನ್ನು ಮೇಜಿನ ಮೇಲಿಟ್ಟರು. ಅದು ನಿಲ್ಲಲಿಲ್ಲ, ಉರುಳಿಕೊಂಡು ಹೋಗಿ ಟೀ ಲೋಟಕ್ಕೆ ತಾಗಿ ನಿಂತಿತು. ಇವರು ಹಿಂತಿರುಗಿ ನಡೆದರು. ಬೆಂಚಿನ ಹತ್ತಿರ ಹೋಗಿ, ಕತ್ತರಿ, ಲೈಟರು, ಚಾಕು ಎಲ್ಲವನ್ನೂ ಅದರದರ ಜಾಗದಲ್ಲಿಟ್ಟು, ಬಟ್ಟೆ ಹೊದಿಸಿ, ಊಟದ ಡಬ್ಬಿಯನ್ನು ಅಲ್ಲೇ ಬಿಟ್ಟು ಮನೆಗೆ ಹೋದರು ಎಂದು ಆಮೇಲೆ ನೋಡಿ ತಿಳಿದೆ. ಆಗ ನನಗೆ ಆ ಕೋಣೆಯಿಂದ ಕಾಲು ಕೀಳಲು ಆಗಿರಲಿಲ್ಲ.

"ಈ ರೇಡಿಯೋ ಯಾಕಮ್ಮ ಬೇಕಿತ್ತು ನಿಮಗೆ?" ಎಂದರು ಮಾಲೀಕರು. ಬೈಯುವ ದನಿಯಲ್ಲ, ಸುಸ್ತಾದ ದನಿ. "ನಾಲ್ಕು ವರ್ಷ ನಡ್ಕೊಂಡು ಹೋಗ್ತಿತ್ತು."

"ನಿಮಗೂ ಗೊತ್ತಿತ್ತಾ?"

"ದಾರದ ಉಂಡೆ ತರಿಸೋನು ನಾನು. ಗೊತ್ತಾಗದೆ ಇರುತ್ತಾ? ಆದ್ರೂ ಲೆಕ್ಕ ಕೂಡ್ತಿರಲಿಲ್ಲ. ಇವರು ಒಂದು, ದೋಣಿಯವರು ಒಂದು. ಇನ್ನೊಂದು ಪಾಲು ಎಲ್ಲಿಗೆ ಹೋಗ್ತಿತ್ತು ಅಂತ."

"ಅದು ನಾನು" ಎಂದೆ. "ಮಧ್ಯಾಹ್ನ ನಾನೂ ಕತ್ತರಿಸಿ ಕಟ್ತಿದ್ದೆ."

ಅವರಿಗೆ ನಗು ಬಂತು. ಬಂದ ನಗುವನ್ನು ಏನು ಮಾಡಬೇಕೆಂದು ತಿಳಿಯದೆ ಟೀ ಲೋಟ ಎತ್ತಿದರು. ಅದು ಖಾಲಿಯಾಗಿತ್ತು. ಲೋಟವನ್ನು ಹಾಗೇ ಕೆಳಗಿಟ್ಟು, "ನಾಳೆಯಿಂದ ಅವರು ಮುಂದಿನ ಕೌಂಟರಲ್ಲಿ ಕೂರಲಿ. ಬಂದವರ ಹತ್ರ ನಾಲ್ಕು ಮಾತಾಡ್ಕೊಂಡಿರಲಿ. ಬೆಂಚಿಗೆ ನೀವೇ ಕೂತ್ಕೊಳ್ಳಿ" ಎಂದರು. "ಇನ್ನೇನು ಮಾಡ್ಲಿ ಹೇಳಿ. ಇನ್ನು ಮೇಲೆ ನಾನು ಅವರಿಗೆ ಪೈಪು ಕೊಟ್ರೆ, ಯಾವ ಮುಖ ಇಟ್ಕೊಂಡು ಕೊಡ್ಲಿ?"

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಪುಟಾಣಿ ಒಂದೂವರೆಗೆ ಬಂದಳು. ಚುಕ್ಕಾಣಿಯವನು ದಾರಿಯಲ್ಲೇ ಹೇಳಿರಬೇಕು. ಒದ್ದೆ ಉಡುಪಿನಲ್ಲೇ ಹಿಂದಿನ ಕೋಣೆಗೆ ಬಂದು, ಬಟ್ಟೆ ಹೊದಿಸಿದ ಬೆಂಚನ್ನು ನೋಡಿ, ನನ್ನ ಎದುರು ನಿಂತಳು. ಕೂದಲಿನಿಂದ ನೀರು ಇಳಿಯುತ್ತಿತ್ತು.

"ಬಾಯಿ ಮುಚ್ಕೊಂಡು ಇರೋಕಾಗಲಿಲ್ವಾ ಅತ್ತಿಗೆ?"

"ನೀನು ಒಳಗೆ ಸಿಕ್ಕಿಹಾಕ್ಕೋತೀಯ ಅಂದ್ಕೊಂಡೆ."

"ನನ್ನ ಹತ್ರ ಒಂದು ಮಾತು ಹೇಳಿದ್ರೆ ಆಗ್ತಿತ್ತು."

"ಹೇಗೆ ಹೇಳ್ಲಿ, ಅವರು ಅಲ್ಲೇ ಇದ್ರಲ್ಲ."

ಅವಳು ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕೂತಳು. "ಹೌದು" ಎಂದಳು. "ಅಲ್ಲೇ ಇದ್ರು. ನಾನು ನಿಮ್ಮ ಹತ್ರ ಹೇಳೋಣ ಅಂದ್ರೂ ಅಲ್ಲೇ ಇರ್ತಿದ್ರು."

ಕಾಲಿನ ಉಗುರು ನೋಡುತ್ತಾ, "ಒಂದೊಂದು ಗಂಟು ಚಾಕುಗೂ ಜಗ್ತಿರಲಿಲ್ಲ. ಅಣ್ಣನ ಕೈ ಸರಿ ಹೋಗ್ತಿದೆ ಅಂತ ನಾವೆಲ್ಲ ಮಾತಾಡ್ಕೊಂಡಿದೀವಿ. ಆದ್ರೂ ನಂಬೋಕೆ ಧೈರ್ಯ ಸಾಲ್ತಿರಲಿಲ್ಲ" ಎಂದಳು. "ಅವು ನಿಮ್ಮವಾ?"

ನನ್ನವು. ನಾಲ್ಕು ವರ್ಷದಲ್ಲಿ ನಾನು ಕಟ್ಟಿದ ಒಂದು ಗಂಟೂ ನೀರಿಗೆ ಇಳಿದಿರಲಿಲ್ಲ.

ಮನೆಗೆ ಹೋದಾಗ ಇವರು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಚಪ್ಪಲಿ ಬಿಟ್ಟಿರಲಿಲ್ಲ. ಸಂಜೆಯ ಬಿಸಿಲು ಕಿಟಕಿಯಿಂದ ಬಂದು ಅವರ ಮಂಡಿಯ ಮೇಲೆ ಬಿದ್ದಿತ್ತು. ನಾನು ಒಲೆಯ ಹತ್ತಿರ ಹೋಗಿ ಇಲ್ಲದ ಕೆಲಸ ಮಾಡಿದೆ.

"ನೀನು ಯಾವತ್ತಿಂದ?" ಎಂದರು.

ಬಾಗಿಲಲ್ಲಿ ನಿಂತಾಗ ಅವರು ಎಷ್ಟು ಕೇಳಿಸಿಕೊಂಡಿದ್ದರೋ, ಮಾಲೀಕರ ಜೊತೆ ನಾನಾಡಿದ ಮಾತು ಗೋಡೆಯಾಚೆ ಎಷ್ಟು ಕೇಳಿಸಿತ್ತೋ. ಒಂದೆರಡು ವಾರದಿಂದ ಎಂದು ಹೇಳಲು ತಿರುಗಿದೆ. ಅವರು ನನ್ನನ್ನೇ ನೋಡುತ್ತಿದ್ದರು.

"ಮೊದಲಿಂದ" ಎಂದೆ.

ಅವರು ತಲೆಯಾಡಿಸಿದರು. ಕೋಪ ಬರಲಿ ಎಂದು ನಾನು ಕಾದೆ. ಕೂಗಾಡಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು.

"ಸಮುದ್ರಕ್ಕೆ ಹೋಗಿ ಬಂದ ಪೈಪುಗಳನ್ನ ಹಲ್ಲಿಂದ ಎಳೆದು ನೋಡ್ತಿದ್ದೆ" ಎಂದರು ನಿಧಾನವಾಗಿ. "ಹಲ್ಲಿಗೆ ಗೊತ್ತಾಗುತ್ತೆ. ಕಟ್ಟಿದ ತಕ್ಷಣ ನೋಡೋಕೆ ಹೆದರಿಕೆ ಆಗ್ತಿತ್ತು. ಹೋಗಿ ಬಂದ ಮೇಲೆ ನೋಡ್ತಿದ್ದೆ. ಕಲ್ಲಿನ ಹಾಗೆ ಇರ್ತಿತ್ತು ಕಣೆ. ಒಂದೂ ಅಲ್ಲಾಡ್ತಿರಲಿಲ್ಲ. ಕೈಗೆ ಗೊತ್ತಾಗದಿದ್ರೂ ಕೈ ಸರಿ ಹೋಗಿದೆ ಅಂದ್ಕೊಂಡೆ. ಹೋದ ತಿಂಗಳು ಡಾಕ್ಟರಿಗೂ ಹೇಳಿದೆ. ಅವರೂ ಖುಷಿ ಪಟ್ರು."

ಹತ್ತಿರ ಹೋಗಿ ಅವರ ಕೈ ಹಿಡಿದುಕೊಂಡೆ. ಹಿಡಿದ ಮೇಲೆ, ನಾನು ಹಿಡಿದಿದ್ದೇನೆಂದು ತಿಳಿಯಲು ಅವರು ಕೆಳಗೆ ನೋಡಬೇಕಾಯಿತು.

ಮಾರನೆಯ ಬೆಳಗ್ಗೆ ಅವರು ಎಂದಿನ ಹೊತ್ತಿಗೇ ಎದ್ದು ಸ್ನಾನ ಮಾಡಿದರು. ನಾನೂ ಎಂದಿನ ಹಾಗೆ ಅಡುಗೆಮನೆಯ ಕಟ್ಟೆಯ ಮೇಲಿನ ಡಬ್ಬಗಳನ್ನು ಸರಿಸತೊಡಗಿದೆ. ಎಲ್ಲಿ ಹಾಳಾಗಿ ಹೋಯಿತೋ ಈ ಬೀಗದ ಕೈ ಎಂದು ಗೊಣಗಿದೆ. ದಿಂಬು ಎತ್ತಿದೆ. ಚೀಲ ಕೊಡವಿದೆ.

"ಮೊಳೇಲಿದೆ" ಎಂದರು.

ತಿರುಗಿ ನೋಡಿದೆ. ಕನ್ನಡಿಯ ಮುಂದೆ ಅವರಿರಲಿಲ್ಲ. ನನ್ನ ಹಿಂದೆಯೇ ಬಂದು ನಿಂತಿದ್ದರು. ಅಂಗಿ ತೋಳಿಗೆ ಏರಿತ್ತು, ಎದೆ ತೆರೆದಿತ್ತು. ಎರಡು ಕೈಯೂ ಪಕ್ಕಕ್ಕೆ ಇಳಿಬಿದ್ದಿದ್ದವು. ನನ್ನ ಕಡೆ ನೋಡದೆ ಕಿಟಕಿಯ ಕಡೆ ನೋಡುತ್ತಿದ್ದರು, ಶಾಲೆಗೆ ಹೊರಡುವ ಮಗುವನ್ನು ಅಮ್ಮನ ಮುಂದೆ ನಿಲ್ಲಿಸಿದ ಹಾಗೆ.

ನಾಲ್ಕು ವರ್ಷ ನಾನು ಆ ಗುಂಡಿಗಳನ್ನು ಮುಟ್ಟಿರಲಿಲ್ಲ. ಮೇಲಿನದರಿಂದ ಶುರು ಮಾಡಿದೆ. ಒಂದು, ಎರಡು. ಅವರ ಉಸಿರು ನನ್ನ ಹಣೆಗೆ ತಾಗುತ್ತಿತ್ತು. ನನ್ನ ಬೆರಳು ಪಟಪಟನೆ ಓಡಿತು. ನಿಧಾನವಾಗಿ ಹೋಗು ಎಂದರೂ ಕೇಳಲಿಲ್ಲ. ಐದೂ ಸೇರಿ ಅರ್ಧ ನಿಮಿಷ ಹಿಡಿಯಲಿಲ್ಲ.

ಹೊರಡುವುದಕ್ಕೆ ಇನ್ನೂ ಹೊತ್ತಿತ್ತು. ಉಳಿದ ಹೊತ್ತನ್ನು ಏನು ಮಾಡುವುದೆಂದು ಇಬ್ಬರಿಗೂ ತಿಳಿಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮಂಚದ ಅಂಚಿನಲ್ಲಿ ಅಕ್ಕಪಕ್ಕ ಕೂತೆವು. ಬೀಗದ ಕೈ ನನ್ನ ಮಡಿಲಲ್ಲಿತ್ತು.